ಪುಸ್ತಕವನ್ನು ಆರಿಸಬೇಕಾದವರು ಯಾರು?

ನನ್ನ ಕೈಯಲ್ಲಿ ಓದಿದವರಲ್ಲಿ ಕೆಲವರು ವೈದ್ಯರಾಗಿದ್ದೀರಿ, ಕೆಲವರು ಗ್ರಂಥಪಾಲಕರಾಗಿದ್ದೀರಿ. ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಯಾವ ಪುಸ್ತಕ ಬರಬೇಕೆಂದು ಯಾರು ನಿರ್ಧರಿಸಬೇಕು? ಈ ಪ್ರಶ್ನೆ ಇಬ್ಬರಿಗೂ ಸಂಬಂಧಪಟ್ಟದ್ದು. ಅದಕ್ಕೊಂದು ಚರಿತ್ರೆಯೂ ಉಂಟು.

ಹಿಂದಿನ ಕ್ರಮ ನಿಮಗೆ ಗೊತ್ತೇ ಇದೆ. ವಿಭಾಗದ ಮುಖ್ಯಸ್ಥರು ಪಟ್ಟಿ ಕೊಡುವರು, ಸಮಿತಿ ಒಪ್ಪುವುದು, ಗ್ರಂಥಪಾಲಕರು ತರಿಸುವರು. ಓದುವವನ ಪಾಲಿಗೆ ಉಳಿದದ್ದು ಮೇಜಿನ ಮೇಲಿನ ಸಲಹಾ ಪುಸ್ತಕ ಮಾತ್ರ. ಅದರಲ್ಲಿ ಬರೆದ ಹೆಸರುಗಳಲ್ಲಿ ಎಷ್ಟು ಕಪಾಟು ಸೇರಿದವೋ ದೇವರೇ ಬಲ್ಲ! ಆದರೆ 1931ರಷ್ಟು ಹಿಂದೆಯೇ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ತಮ್ಮ ಪಂಚಸೂತ್ರಗಳಲ್ಲಿ ಓದುಗನಿಗೆ ಬೇಕಾದದ್ದು ದೊರೆಯಬೇಕೆಂಬುದನ್ನೂ ಕಪಾಟಿನಲ್ಲಿರುವುದಕ್ಕೆ ಓದುಗ ದೊರೆಯಬೇಕೆಂಬುದನ್ನೂ ಅಕ್ಕಪಕ್ಕದಲ್ಲೇ ಇಟ್ಟಿದ್ದರು.

ಎರಡನೆಯದು ಎಷ್ಟು ಕಷ್ಟವೆಂಬುದನ್ನು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ 1979ರ ಅಧ್ಯಯನವೊಂದು ತೋರಿಸಿತು. 1969ರಲ್ಲಿ ಅಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು ಶೇಕಡ 40ರಷ್ಟು ಮೊದಲ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ವಿದ್ಯುನ್ಮಾನ ಪುಸ್ತಕಗಳು ಬಂದ ಮೇಲೆ, 1999ರ ಸುಮಾರಿಗೆ, ಕೊಲರಾಡೊದ ಗ್ರಂಥಾಲಯಗಳು ಹೊಸ ಉಪಾಯ ಹೂಡಿದವು. ಸೂಚಿಯಲ್ಲಿ ಪುಸ್ತಕದ ಹೆಸರು ಇರುತ್ತದೆ, ಆದರೆ ಅದನ್ನು ಕೊಂಡಿರುವುದಿಲ್ಲ. ಓದುಗ ಅದನ್ನು ತೆರೆದು ಬಳಸಿದಾಗ ಖರೀದಿ ತಾನಾಗಿ ಆಗುತ್ತದೆ. ಔಷಧಗಳ ಪುಸ್ತಕ ನಾಲ್ಕೈದು ವರ್ಷಕ್ಕೇ ಹಳತಾಗುವ ವೈದ್ಯಶಾಸ್ತ್ರಕ್ಕೆ ಇದು ಹೇಳಿ ಮಾಡಿಸಿದಂತಿದೆ.

ನಮ್ಮಲ್ಲಿ ಬಂದದ್ದು ಬೇರೆ ವ್ಯವಸ್ಥೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಒಕ್ಕೂಟವನ್ನು ಕಟ್ಟಿ, ತನ್ನ ಕಾಲೇಜುಗಳಿಗೆಲ್ಲ ಒಟ್ಟಾಗಿ ವಿದ್ಯುನ್ಮಾನ ನಿಯತಕಾಲಿಕೆಗಳನ್ನು ಒದಗಿಸತೊಡಗಿತು. ಮೆಗ್ಗಾನ್ ಆಸ್ಪತ್ರೆಯ ಆವರಣದಲ್ಲಿ 2007ರಲ್ಲಿ ತರಗತಿ ಆರಂಭಿಸಿದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೂ ಇದರಿಂದ ಉಪಕಾರವಾಯಿತು. ಬೆಂಗಳೂರಿನ ವಿದ್ಯಾರ್ಥಿ ಓದುವುದನ್ನು ಇಲ್ಲಿಯವನೂ ಓದಬಹುದಾಯಿತು. ಆದರೆ ಆರಿಸುವ ಕೈ ರಾಜಧಾನಿಯಲ್ಲೇ ಉಳಿಯಿತು.

ಓದುಗನೇ ಆರಿಸಲಿ ಎಂದು ನನಗೂ ಅನ್ನಿಸುತ್ತದೆ. ಆದರೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನನ್ನನ್ನು ತಡೆಯುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಅದು ಉಣುಗುಗಳಿಂದ ಹರಡುವ ಹೊಸ ವೈರಾಣುವೆಂದು ಗುರುತಿಸಿ, ಸಾಗರದಲ್ಲಿ ಕ್ಷೇತ್ರ ಕೇಂದ್ರವನ್ನು ತೆರೆದರು. ಕಾಡು ಕಡಿದು ಒಳಗೆ ದನ ಮೇಯಿಸಿದರೆ ಉಣುಗು ಹೇಗೆ ಹೆಚ್ಚುತ್ತದೆಂಬುದನ್ನು ಕೊಲಂಬಿಯಾ ದೇಶದ ವಿಜ್ಞಾನಿ ಬೋಶೆಲ್ 1969ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ವಿವರಿಸಿದರು. ನಮ್ಮ ಕಾಡಿನ ಮಾತು, ಅಚ್ಚಾದದ್ದು ಸಮುದ್ರದಾಚೆ!

2017ರಲ್ಲಿ ಆ ಲೇಖನವನ್ನು ಎಷ್ಟು ವಿದ್ಯಾರ್ಥಿಗಳು ಕೇಳಿ ಓದುತ್ತಿದ್ದರು? ಪರೀಕ್ಷೆಗೆ ಬೇಕಾದದ್ದು ಅದಲ್ಲ. ಓದುಗನ ಬೇಡಿಕೆಯನ್ನಷ್ಟೇ ಅಳೆಯುವ ಗ್ರಂಥಾಲಯಕ್ಕೆ ಮಂಗನ ಕಾಯಿಲೆ ಕೊನೆಯ ಸಾಲಿನದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜ್ವರ ಮತ್ತೆ ಕಾಣಿಸಿತು. ಆ ಋತುವಿನಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ರೋಗಿ ಬಾಗಿಲಿಗೆ ಬಂದ ಮೇಲೆ ಪುಸ್ತಕಕ್ಕೆ ಬೇಡಿಕೆ ಬಂದರೆ ತಡವಾಯಿತು.

ಪಠ್ಯಪುಸ್ತಕಗಳನ್ನು ಮಕ್ಕಳೇ ಆರಿಸಲಿ. ಹೊಸ ಆವೃತ್ತಿ ಕೊಳ್ಳಲು ಹಣವಿಲ್ಲದ ಹಳ್ಳಿಯ ಹುಡುಗಿಗೆ ಏನು ಬೇಕೆಂಬುದು ಸಮಿತಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಹಣದ ಒಂದು ಪಾಲನ್ನು ಈ ಜಿಲ್ಲೆಯ ರೋಗಗಳಿಗೆಂದು ತೆಗೆದಿಟ್ಟು, ಯಾರೂ ಕೇಳದಿದ್ದರೂ ತರಿಸಿಡುವ ಅಧಿಕಾರ ಗ್ರಂಥಪಾಲಕರಿಗಿರಬೇಕು. ಭದ್ರಾವತಿಯಲ್ಲಿ ದಶಕಗಳ ಕಾಲ ಕಾಗದ ತಯಾರಿಸಿದ ಕಾರ್ಖಾನೆ ಈಗ ನಿಂತಿದೆ. ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾನಿಲಯದಲ್ಲಿ, ಗ್ರಂಥಾಲಯ ವಿಜ್ಞಾನ ಕಲಿಯುವವರಿದ್ದಾರೆ. ಮಂಗನ ಕಾಯಿಲೆಯ ಬಗ್ಗೆ 1957ರಿಂದ ಈಚೆಗೆ ಬಂದ ಬರಹಗಳ ಪಟ್ಟಿಯೊಂದನ್ನು ಅವರು ಸಿದ್ಧಪಡಿಸಿ ಮೆಗ್ಗಾನ್ ಆಸ್ಪತ್ರೆಯ ಕಾಲೇಜಿಗೆ ಕಳಿಸಬಹುದು.