ವದಂತಿಯ ಅಧ್ಯಯನ: ಕ್ಷೇತ್ರಸಂಗ್ರಹ ಮತ್ತು ಪ್ರಯೋಗಾಲಯ

ಸಾಮಾಜಿಕ ಮನೋವಿಜ್ಞಾನದ ಸಂಶೋಧನಾ ವಿಧಾನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪಾಶ್ಚಾತ್ಯ ಪ್ರಯೋಗಾಲಯಗಳ ಚರಿತ್ರೆಯಾಗಿಯೇ ನಿರೂಪಿಸುವುದು ರೂಢಿ. ಜನರ ನಡುವೆ ನಡೆದ ಸಂಗ್ರಹಕಾರ್ಯಕ್ಕೆ ಆ ನಿರೂಪಣೆಯಲ್ಲಿ ಪೀಠಿಕೆಯ ಸ್ಥಾನವಷ್ಟೇ ದೊರೆಯುತ್ತದೆ. ವದಂತಿಯ ಅಧ್ಯಯನ ಸಾಗಿಬಂದ ದಾರಿಯನ್ನು ಪರಿಶೀಲಿಸಿದರೆ ಈ ಗ್ರಹಿಕೆಯನ್ನು ತಿದ್ದಿಕೊಳ್ಳುವುದು ಅಗತ್ಯವೆನಿಸುತ್ತದೆ.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಸಂಭವಿಸಿದ ಭೂಕಂಪ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಅದರ ಬೆನ್ನಲ್ಲೇ ಹಬ್ಬಿದ ವದಂತಿಗಳನ್ನು ಮನೋವಿಜ್ಞಾನಿ ಜಮುನಾ ಪ್ರಸಾದ್ ಸಂಗ್ರಹಿಸಿದರು. ಗಂಗೆಯ ನೀರು ಕಾಣೆಯಾಯಿತು, ಪಟ್ನಾಕ್ಕೆ ಚಂಡಮಾರುತ ಬರಲಿದೆ, ಗ್ರಹಣದ ದಿನ ಮತ್ತೊಮ್ಮೆ ಭೂಮಿ ನಡುಗಲಿದೆ ಎಂಬಂಥ ಮಾತುಗಳು ಅವುಗಳಲ್ಲಿದ್ದವು. 1935ರಲ್ಲಿ ಬ್ರಿಟಿಷ್ ಮನೋವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಅವರು ವದಂತಿ ಹುಟ್ಟುವ ಸನ್ನಿವೇಶದ ಲಕ್ಷಣಗಳನ್ನು ಗುರುತಿಸಿದರು: ಅದು ಭಾವಕ್ಷೋಭೆಯನ್ನು ಉಂಟುಮಾಡುವಂಥದು, ಅಪರಿಚಿತವಾದದ್ದು, ಅಜ್ಞಾತ ಅಂಶಗಳಿಂದ ಕೂಡಿದ್ದು, ಪರಿಶೀಲನೆಗೆ ಸುಲಭವಾಗಿ ಒದಗದಿರುವಂಥದು ಮತ್ತು ಇಡೀ ಗುಂಪಿನ ಆಸಕ್ತಿಗೆ ಸಂಬಂಧಿಸಿದ್ದು. ಈ ವಿವೇಚನೆಯಲ್ಲಿ ವದಂತಿ ವ್ಯಕ್ತಿಯ ಸ್ಮರಣದೋಷವಲ್ಲ. ಅರ್ಥವಾಗದ ವಿಪತ್ತಿಗೆ ಸಮುದಾಯವು ಕೂಡಿ ಅರ್ಥವನ್ನು ಹುಡುಕುವ ಕ್ರಿಯೆ.

ಎರಡನೆಯ ಮಹಾಯುದ್ಧದ ಅನಂತರ ಅಧ್ಯಯನದ ದಿಕ್ಕು ಬದಲಾಯಿತು. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸರಣಿ ಪುನರುಕ್ತಿಯ ಪ್ರಯೋಗಕ್ಕೆ ಪ್ರಾಮುಖ್ಯ ದೊರೆಯಿತು. ಚಿತ್ರವೊಂದರ ವಿವರಣೆಯನ್ನು ಒಬ್ಬರು ಮತ್ತೊಬ್ಬರಿಗೆ, ಅವರು ಮಗದೊಬ್ಬರಿಗೆ ಹೇಳುತ್ತ ಹೋದಂತೆ ವಿವರಗಳು ಹೇಗೆ ಕಳಚುತ್ತವೆ, ಉಳಿದವು ಹೇಗೆ ಎದ್ದುಕಾಣುತ್ತವೆ ಎಂಬುದನ್ನು ಅದರಲ್ಲಿ ಅಳೆಯಲಾಯಿತು. ಈ ವಿಧಾನದಿಂದ ನಿಖರತೆ ಲಭಿಸಿತಾದರೂ ಕೇಳಿದವರು ಮರುಪ್ರಶ್ನೆ ಹಾಕುವ, ಅನುಮಾನಿಸುವ, ಚರ್ಚಿಸುವ ಸಹಜ ಅವಕಾಶ ಕುಗ್ಗಿತು. ಭಯವೂ ಪ್ರಯೋಗದ ಹೊರಗುಳಿಯಿತು.

ಹೀಗಿದ್ದೂ ಪ್ರಸಾದರ ಸಾಮಗ್ರಿ ಮರೆಯಾಗಲಿಲ್ಲ. 1957ರಲ್ಲಿ ಅರಿವಿನ ಅಸಾಂಗತ್ಯದ ಸಿದ್ಧಾಂತವನ್ನು ಮಂಡಿಸಿದ ಲಿಯಾನ್ ಫೆಸ್ಟಿಂಗರ್, ತಮಗೆ ಉತ್ಸಾಹ ತಂದ ಮೊದಲ ಹೊಳಹು ಬಿಹಾರದ ಆ ವರದಿಯಿಂದ ಬಂದದ್ದೆಂದು ಗ್ರಂಥದ ಮುನ್ನುಡಿಯಲ್ಲಿಯೇ ಹೇಳಿದ್ದಾರೆ. ಕಂಪನವನ್ನು ಅನುಭವಿಸಿಯೂ ಹಾನಿಯನ್ನು ಕಾಣದ ಜನ ಇನ್ನೂ ಘೋರವಾದ ವಿಪತ್ತನ್ನು ನಂಬಿದ್ದೇಕೆ? ಈಗಾಗಲೇ ಮೂಡಿದ್ದ ಭಯಕ್ಕೆ ಆ ವದಂತಿಗಳು ಸಮರ್ಥನೆ ಒದಗಿಸುತ್ತಿದ್ದವು ಎಂಬುದು ಅವರ ಉತ್ತರ. ಹೋಲಿಕೆಗಾಗಿ ಅವರು 1950ರ ಡಾರ್ಜಿಲಿಂಗ್ ಭೂಕುಸಿತವನ್ನು ಕುರಿತು ದುರ್ಗಾನಂದ ಸಿನ್ಹಾ 1952ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಬಳಸಿದರು. ಅಲ್ಲಿ ವಿನಾಶ ಕಣ್ಣೆದುರಿಗೇ ಇತ್ತು. ಮುಂಬರುವ ವಿಪತ್ತಿನ ವದಂತಿಗಳು ಕಂಡುಬರಲಿಲ್ಲ.

ಈ ಹೋಲಿಕೆಯ ಮಿತಿಯನ್ನೂ ಗಮನಿಸಬೇಕು. ಎರಡು ಅಧ್ಯಯನಗಳ ಕಾಲ, ಸ್ಥಳ, ಸಂಗ್ರಾಹಕರು ಬೇರೆ ಬೇರೆ. ಯಾವೊಂದೂ ಮತ್ತೊಂದಕ್ಕೆ ನಿಯಂತ್ರಣ ಗುಂಪಾಗಲೆಂದು ರೂಪಿತವಾದುದಲ್ಲ. ಆದ್ದರಿಂದ ಇವು ಊಹೆಯನ್ನು ಪ್ರೇರೇಪಿಸಬಲ್ಲವೇ ಹೊರತು ಅದನ್ನು ಸಿದ್ಧಪಡಿಸಲಾರವು. 1959ರಲ್ಲಿ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ ಒಂದು ಡಾಲರ್ ಮತ್ತು ಇಪ್ಪತ್ತು ಡಾಲರ್‌ಗಳ ಸಂಭಾವನೆಯನ್ನಿಟ್ಟು ನಡೆಸಿದ ಪ್ರಯೋಗ ಸಿದ್ಧಾಂತವನ್ನು ನಿಯಂತ್ರಿತ ಪರೀಕ್ಷೆಗೆ ಒಡ್ಡಿತು. ಆ ಪ್ರಯೋಗ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಯಿತು. ಪ್ರಶ್ನೆಯನ್ನು ಮೊದಲು ಒಡ್ಡಿದ ಕ್ಷೇತ್ರಸಾಮಗ್ರಿ ಹಿನ್ನೆಲೆಗೆ ಸರಿಯಿತು.

2002ರಲ್ಲಿ ಪ್ರಶಾಂತ್ ಬೋರ್ಡಿಯಾ ಮತ್ತು ನಿಕೋಲಸ್ ಡಿಫೋಂಜೋ ವದಂತಿ ಸಂಶೋಧನೆಯ ಈ ಚರಿತ್ರೆಯನ್ನು ಮರುಪರಿಶೀಲಿಸಿ, ಪ್ರಸಾದರ ಸಾಮುದಾಯಿಕ ದೃಷ್ಟಿ ಬದಿಗೆ ಸರಿದುದರಿಂದ ಈ ಶಾಸ್ತ್ರದ ಸಾಮಾಜಿಕತೆಯೇ ತಗ್ಗಿತೆಂದು ವಾದಿಸಿದರು. ಈ ವಾದವನ್ನು ಪ್ರಯೋಗದ ನಿರಾಕರಣೆಯೆಂದು ತಿಳಿಯಬೇಕಾಗಿಲ್ಲ. ಪ್ರಯೋಗಾಲಯ ಕಾರಣವನ್ನು ಬೇರ್ಪಡಿಸಿ ತೋರಿಸುತ್ತದೆ. ಯಾವುದರ ಕಾರಣವನ್ನು ಹುಡುಕಬೇಕೆಂಬುದನ್ನು ಹಲವು ಸಲ ಜನಜೀವನವೇ ಸೂಚಿಸುತ್ತದೆ. ಜನ ಆಡಿದ್ದನ್ನು, ಅದು ಸುಳ್ಳೆಂದು ತಿಳಿದಿದ್ದರೂ, ಆಡಿದ ಕಾಲದಲ್ಲಿಯೇ ಬರೆದಿಟ್ಟ ಸಂಗ್ರಾಹಕನ ಶ್ರಮ ಇಲ್ಲದಿದ್ದರೆ ಮುಂದಿನ ಸಿದ್ಧಾಂತಕ್ಕೆ ಆ ಪ್ರಶ್ನೆ ದೊರೆಯುತ್ತಿರಲಿಲ್ಲ. ವಿಧಾನಗಳ ಚರಿತ್ರೆಯಲ್ಲಿ ಈ ಶ್ರಮಕ್ಕೂ ಸಿದ್ಧಾಂತದೊಂದಿಗೆ ಸಮಾನವಾದ ಸ್ಥಾನ ಸಲ್ಲಬೇಕು.