ಚೌಕ ತುಂಬುವವರ ಊರು

ಜಕಾರ್ಡ್ ಮಗ್ಗಕ್ಕೆ ನವಿಲು, ಮಾವಿನಕಾಯಿ ಯಾವುದೂ ಗೊತ್ತಿಲ್ಲ. ಕಾರ್ಡಿನಲ್ಲಿ ತೂತು ಇದೆಯೋ ಇಲ್ಲವೋ, ಅಷ್ಟೇ. ತೂತಿದ್ದರೆ ಉದ್ದಕ್ಕೆ ಓಡುವ ಹಾಸಿನ ಎಳೆ ಏಳುತ್ತದೆ, ಇಲ್ಲದಿದ್ದರೆ ಸುಮ್ಮನೆ ಕೂರುತ್ತದೆ. ಹಾಗಾಗಿ ನಮ್ಮೂರು ಬನಹಟ್ಟಿಯಲ್ಲಿ ಸೀರೆಯ ದಡಿಗೆ ಏನೇ ಚಿತ್ರ ಬರಬೇಕಾದರೂ ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಒಡೆಯಬೇಕಿತ್ತು. ನಮ್ಮ ಕಾಕಾನ ಕಸುಬು ಅದು. ಅವನ ಕೈಕೆಳಗೆ ನಾನೂ ಕೆಲವು ವರ್ಷ ಚೌಕ ತುಂಬಿದೆ.

ಹಾಳೆಯ ಒಂದು ಅಡ್ಡಸಾಲು ಎಂದರೆ ಅಡ್ಡಕ್ಕೆ ಓಡುವ ಹೊಕ್ಕಿನ ಒಂದು ಎಳೆ, ಅದಕ್ಕೊಂದು ಕಾರ್ಡು. 240 ಹುಕ್ಕಿನ, ಅಂದರೆ ಎಳೆ ಎತ್ತುವ 240 ಕೊಕ್ಕೆಯ ಜಕಾರ್ಡಾದರೆ ಸಾಲಿಗೆ 240 ಚೌಕ. ಹಾಳೆಯನ್ನು ಆರಿಸುವುದರಲ್ಲೇ ಅರ್ಧ ವಿದ್ಯೆ. ಇಂಚಿಗೆ ಹಾಸು 80 ಎಳೆ, ಹೊಕ್ಕು 64 ಎಳೆ ಇದ್ದರೆ 10ಕ್ಕೆ 8ರ ಹಾಳೆಯೇ ಬೇಕು. ಶಾಲೆಯ ಸಮಚೌಕದ ಹಾಳೆಯಲ್ಲಿ ದುಂಡಗೆ ಬರೆದ ಹೂವು ಬಟ್ಟೆಗೆ ಇಳಿದಾಗ ಉದ್ದಕ್ಕೆ ಎಳೆದಂತಾಗುತ್ತದೆ.

ಕಾಕಾ ಮೊದಲು ಪೆನ್ಸಿಲ್ಲಿನಲ್ಲಿ ಹೊರಗೆರೆ ಎಳೆಯುತ್ತಿದ್ದ. ಗೆರೆ ಅರ್ಧ ಚೌಕವನ್ನು ಸೀಳಿದ ಕಡೆ ಆ ಚೌಕ ಎಲೆಗೋ ನೆಲಕ್ಕೋ ಎಂದು ತೀರ್ಮಾನಿಸಿ, ಆಮೇಲೆ ಕುಂಚದಿಂದ ಕೆಂಪು ತುಂಬುತ್ತಿದ್ದ. ತುಂಬಿದ ಮೇಲೆ ಅಸಲಿ ಕೆಲಸ. ಅಗಲದ ಎಲೆಯನ್ನು ಪೂರಾ ಕೆಂಪು ಬಿಟ್ಟರೆ ಹೊಕ್ಕಿನ ಎಳೆ ಇಪ್ಪತ್ತು ಮೂವತ್ತು ಹಾಸುಗಳನ್ನು ದಾಟಿ ತೇಲುತ್ತದೆ, ಉಟ್ಟವರ ಬಳೆಗೆ ಸಿಕ್ಕಿ ಕೀಳುತ್ತದೆ. “ಏ ತಮ್ಮಾ, ಇಲ್ಲಿ ಎಳಿ ತೇಲಾಕತ್ತೈತಿ, ನಡುವ ಒಂದ್ ಚುಕ್ಕಿ ಇಡು” ಎನ್ನುತ್ತಿದ್ದ. ಆ ಚುಕ್ಕಿಗಳು ಎಲೆಯೊಳಗಿದ್ದರೂ ಎಲೆ ಒಂದೇ. ಬಣ್ಣ ಬೇರೆಯಾದ ಮಾತ್ರಕ್ಕೆ ಜಾಗ ಬೇರೆಯಾಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಜಕಾರ್ಡ್ ಎಂಬ ಫ್ರೆಂಚ್ ಮನುಷ್ಯ ಈ ಯಂತ್ರವನ್ನು ರೂಪಿಸಿದ್ದು 1804ರ ಹೊತ್ತಿಗೆ. 1839ರಲ್ಲಿ ಲಿಯೋನ್ ನೇಕಾರರು ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು, ಸುಮಾರು 24,000 ಕಾರ್ಡು ಬಳಸಿ. ಅದರ ಒಂದು ಪ್ರತಿ ಲಂಡನ್ನಿನಲ್ಲಿ, ಲೆಕ್ಕದ ಯಂತ್ರ ರೂಪಿಸಿದ ಚಾರ್ಲ್ಸ್ ಬ್ಯಾಬೇಜನ ಮನೆಯಲ್ಲಿತ್ತು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆ ಕಾರ್ಡಿಗೂ ಮುಂಚೆ ಹಾಳೆಯ ಮುಂದೆ ಕೂತು ಕಣ್ಣು ಕೆಡಿಸಿಕೊಂಡವರ ಸುದ್ದಿಯೇ ಇಲ್ಲ. 1983ರಲ್ಲಿ ಆಪಲ್‌ಗಾಗಿ ಸೂಸನ್ ಕೇರ್ ಐಕಾನು ಬರೆದದ್ದೂ ಗ್ರಾಫ್ ಹಾಳೆಯಲ್ಲೇ, 32ಕ್ಕೆ 32 ಚೌಕ. ಬನಹಟ್ಟಿಯ ಯಾವ ಗ್ರಾಫ್‌ನವನೂ ಅದನ್ನು ಕಂಡು ಬೆರಗಾಗುತ್ತಿರಲಿಲ್ಲ.

ಈಗ ನಮ್ಮ ತಮ್ಮನ ಮಗಳು ಚೌಕ ತುಂಬುವ ಅದೇ ಕೆಲಸವನ್ನು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಬರೆದು ಮಾಡಿಸುತ್ತಾಳೆ. ಚಿತ್ರವನ್ನು ಕ್ಯಾನ್ವಾಸಿಗೆ ಹಾಕಿದರೆ ಪ್ರತಿ ಪಿಕ್ಸೆಲ್‌ಗೆ ನಾಲ್ಕು ಅಂಕಿ ಸಿಗುತ್ತವೆ: ಕೆಂಪು, ಹಸಿರು, ನೀಲಿ, ಪಾರದರ್ಶಕತೆ. ಅವಳ ಪ್ರೋಗ್ರಾಮು ಒಂದು ಪಿಕ್ಸೆಲ್ ಹಿಡಿದು ಮೇಲೆ, ಕೆಳಗೆ, ಎಡ, ಬಲ ನೋಡುತ್ತಾ, ಅದೇ ಬಣ್ಣದ ನೆರೆಯವರನ್ನೆಲ್ಲ ಒಂದೇ ನಂಬರಿಗೆ ಸೇರಿಸುತ್ತಾ ಹೋಗುತ್ತದೆ. ಮೂಲೆಗೆ ಮೂಲೆ ತಾಗಿದವರನ್ನೂ ನೆರೆಯವರೆಂದು ಲೆಕ್ಕ ಹಿಡಿದರೆ, ಮೆಟ್ಟಿಲಿನಂತೆ ಓರೆಯಾಗಿ ಇಳಿಯುವ ಗೆರೆಯ ಸಂದಿಯಿಂದ ಬಣ್ಣ ಆಚೆಗೆ ಸೋರುತ್ತದೆ.

ಅವಳು ಇದನ್ನು ನನಗೆ ವಿವರಿಸಿದ್ದು ಹಳೆಯ ಸಂಸ್ಥಾನಗಳ ನಕ್ಷೆ ಇಟ್ಟುಕೊಂಡು. ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬನಹಟ್ಟಿ ಆಗ ಜಮಖಂಡಿಯ ಪಟವರ್ಧನರದು. ಮಗ್ಗುಲಲ್ಲೇ ಇರುವ ರಬಕವಿ ಸಾಂಗಲಿಯ ಪಟವರ್ಧನರದು. ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಜಮಖಂಡಿಯ ಮೇಲೆ ಒತ್ತಿದರೆ ಬಣ್ಣ ಬನಹಟ್ಟಿಯವರೆಗೆ ಹರಿದು ರಬಕವಿಯ ಗಡಿಗೆ ನಿಂತಿತು. ಆದರೆ ಹುಬ್ಬಳ್ಳಿ ಸನಿಹದ ಕುಂದಗೋಳವೂ ಜಮಖಂಡಿ ಸಂಸ್ಥಾನದ್ದೇ, ಅದು ಬೆಳ್ಳಗೆ ಉಳಿಯಿತು. ದೊರೆ ಒಬ್ಬನೇ, ತುಂಡು ಬೇರೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ನಮ್ಮ ಜೋಡಿ ಊರಿನವರು ಎರಡು ಬಣ್ಣದಲ್ಲೇ ಇದ್ದರು.

ಫೋಟೋ ಕೊಟ್ಟರೆ ಮಾತ್ರ ಅವಳ ಪ್ರೋಗ್ರಾಮು ತಿಣುಕುತ್ತದೆ. ಒಂದೇ ದಾಳಿಂಬೆ ಬಣ್ಣದ ಸೆರಗಿನಲ್ಲಿ ನೂರಾರು ಛಾಯೆ ಎಣಿಸಿ ನುಚ್ಚಿನಂಥ ತುಂಡು ಮಾಡಿಡುತ್ತದೆ. ಆದ್ದರಿಂದ ಮೊದಲು ಬಣ್ಣಗಳನ್ನು ಎಂಟಕ್ಕೋ ಹತ್ತಕ್ಕೋ ಇಳಿಸಿ, ತೀರ ಸಣ್ಣ ತುಂಡುಗಳನ್ನು ಪಕ್ಕದ ದೊಡ್ಡದಕ್ಕೆ ಸೇರಿಸುತ್ತಾಳೆ. ಬೇಕೆಂದೇ ಇಟ್ಟ ಚುಕ್ಕಿಯನ್ನೂ ಅದು ಕಸವೆಂದು ನುಂಗುತ್ತಿತ್ತು, ಇದು ನನ್ನ ತಕರಾರಾಗಿತ್ತು. ಅದಕ್ಕೆ ಅವಳು ಒಂದು ಬೀಗ ಮಾಡಿದಳು: ಕೈಯಿಂದ ಇಟ್ಟ ಚುಕ್ಕಿಯನ್ನು ಪ್ರೋಗ್ರಾಮು ಮುಟ್ಟುವಂತಿಲ್ಲ.

ಹಾಸು, ಹೊಕ್ಕು ಎಂದು ಎರಡು ಖಾನೆಯನ್ನೂ ಸೇರಿಸಿದ್ದಾಳೆ. 80, 64 ತುಂಬಿದರೆ ಪರದೆಯ ಮೇಲೆ ಹೂವು ಚಪ್ಪಟೆಯಾಗುತ್ತದೆ. ಅವಳ ಗೆಳತಿಯರು ಚಿತ್ರ ಕೆಟ್ಟಿದೆ ಎನ್ನುತ್ತಾರೆ. ಮಗ್ಗದವರು ಹಾಗೇ ಇರಲಿ, ಬಟ್ಟೆಯಲ್ಲಿ ದುಂಡಗಾಗುತ್ತದೆ ಎನ್ನುತ್ತಾರೆ.