ಭಂಗಾರದಿಂದ ಎದ್ದ ಊರು

ಸೀತಾಬರ್ಡಿಯ ಓಣಿಗಳಲ್ಲಿ ಕೈಗಾಡಿ ತಳ್ಳುತ್ತ "ಭಂಗಾರ್‌ವಾಲಾ" ಎಂದು ಕೂಗಿಕೊಂಡು ಬರುವವನ ದನಿ ನಮಗೆಲ್ಲ ಪರಿಚಿತವೇ. ಶಿವಮೊಗ್ಗದಿಂದ ಹೊಸದಾಗಿ ಬಂದಿದ್ದ ನಮ್ಮ ಚಿಕ್ಕಮ್ಮ ಮೊದಲ ಸಲ ಅದನ್ನು ಕೇಳಿ, ಇಲ್ಲಿ ಬಂಗಾರವನ್ನು ಗಾಡಿಯ ಮೇಲೆ ಮಾರುತ್ತಾರೆಯೇ ಎಂದು ಬಾಗಿಲಿಗೆ ಓಡಿದ್ದರಂತೆ. ಗಾಡಿಯಲ್ಲಿದ್ದದ್ದು ಮುರಿದ ಬಕೆಟ್ಟು, ತುಕ್ಕು ಹಿಡಿದ ಸೈಕಲ್ ಚಕ್ರ! ಮರಾಠಿಯ ಭಂಗಾರಕ್ಕೂ ಕನ್ನಡದ ಬಂಗಾರಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ. ಆ ಅಂತರವನ್ನು ಅಳಿಸಿಹಾಕಿದ ಒಬ್ಬರ ಕಥೆಯನ್ನು ಈ ಸಲ ಹೇಳಬೇಕೆನಿಸಿದೆ. ಅವರು ಕನ್ನಡಿಗರಲ್ಲ, ಆದರೆ ನಮ್ಮಂತೆ ಊರು ಬಿಟ್ಟು ಬಂದವರು.

ನೇಕ್ ಚಂದ್ ಹುಟ್ಟಿದ್ದು 1924ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಶಕರಗಢ ಸೀಮೆಯ ಒಂದು ಹಳ್ಳಿಯಲ್ಲಿ. ದೇಶವಿಭಜನೆಯಾದಾಗ ಕುಟುಂಬದೊಡನೆ ಈಚೆಗೆ ಬಂದರು. 1950ರ ದಶಕದ ಆರಂಭದಲ್ಲಿ ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಲ ಕಾರ್ಬುಸಿಯೆ ಎಂಬ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ರಾಜಧಾನಿ ಏಳುತ್ತಿದ್ದ ಕಾಲವದು. ಅದಕ್ಕಾಗಿ ಅಲ್ಲಿದ್ದ ಹಳ್ಳಿಗಳನ್ನು ಎಬ್ಬಿಸಲಾಗಿತ್ತು. ಕೆಡವಿದ ಮನೆಗಳ ಮಡಕೆ ಚೂರು, ಪಿಂಗಾಣಿ, ಒಡೆದ ಬಳೆ ರಾಶಿರಾಶಿಯಾಗಿ ಬಿದ್ದಿದ್ದವು. ತಾನೇ ಊರು ಕಳೆದುಕೊಂಡವನಿಗೆ ಇನ್ನೊಬ್ಬರ ಊರಿನ ಚೂರುಗಳನ್ನು ಕಂಡು ಏನೆನಿಸಿತೋ!

1957ರ ಸುಮಾರಿಗೆ, ಕಚೇರಿ ಕೆಲಸ ಮುಗಿದ ಮೇಲೆ, ಇವನ್ನೆಲ್ಲ ಸೈಕಲ್ಲಿನ ಮೇಲೆ ಹೇರಿಕೊಂಡು ಸುಖನಾ ಕೆರೆಯ ಬಳಿಯ ಕಾಡಿಗೆ ಸಾಗಿಸತೊಡಗಿದರು. ಏನನ್ನೂ ಕಟ್ಟಬಾರದೆಂದು ಕಾದಿಟ್ಟ ಜಾಗ ಅದು. ಸರಕಾರಿ ನೌಕರನೇ ಸರಕಾರದ ಕಣ್ಣು ತಪ್ಪಿಸಿ ನಡೆಸಿದ ಕೆಲಸ! ಹಳೆಯ ಸೈಕಲ್ಲಿನ ಚೌಕಟ್ಟು, ತಂತಿಗಳೇ ಗೊಂಬೆಯ ಎಲುಬು. ಅದರ ಮೇಲೆ ಸಿಮೆಂಟು. ಸಿಮೆಂಟು ಹಸಿಯಾಗಿರುವಾಗಲೇ ಬಳೆಚೂರು, ಪಿಂಗಾಣಿ ಚೂರುಗಳನ್ನು ಒತ್ತಿ ಕೂಡಿಸಿದರೆ ಅದೇ ಸೀರೆ, ಅದೇ ಕುಪ್ಪಸ. ಎರಕದ ಕಾರ್ಖಾನೆಗಳ ಕಿಟ್ಟ, ಡಾಂಬರಿನ ಡ್ರಮ್ಮು, ಕೆಟ್ಟ ವಿದ್ಯುತ್ ಸಾಮಾನು, ಕ್ಷೌರದಂಗಡಿಯ ಕೂದಲು ಕೂಡ ವ್ಯರ್ಥವಾಗಲಿಲ್ಲ. ನೀರು ಹೊತ್ತ ಹೆಂಗಸರು, ಕುಣಿಯುವವರು, ಕೋತಿ, ನವಿಲು ಹೀಗೆ ಕಾಡಿನೊಳಗೊಂದು ಊರೇ ಎದ್ದುನಿಂತಿತು.

1970ರ ದಶಕದಲ್ಲಿ ಗುಟ್ಟು ಬಯಲಾಯಿತು. ಕಾನೂನಿನ ಪ್ರಕಾರ ಕೆಡವಬೇಕಾಗಿದ್ದದ್ದು ಉಳಿದದ್ದು ಜನರ ಮೆಚ್ಚುಗೆಯಿಂದ. 1976ರಲ್ಲಿ ಅದು ರಾಕ್ ಗಾರ್ಡನ್ ಎಂದು ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದರಿಗೆ ಅದೇ ಕೆಲಸಕ್ಕೆ ಸಂಬಳ, ಐವತ್ತು ಮಂದಿ ಕೂಲಿಗಳೂ ದೊರೆತರು. 1984ರಲ್ಲಿ ಪದ್ಮಶ್ರೀ ಬಂತು. ಆದರೂ 1990ರ ಸುಮಾರಿಗೆ ಒಂದು ಭಾಗವನ್ನು ಕೆಡವಲು ಬುಲ್ಡೋಜರ್ ಬಂದಾಗ ಜನ ಕೈ ಕೈ ಹಿಡಿದು ಅಡ್ಡ ನಿಲ್ಲಬೇಕಾಯಿತು. 2015ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ಬಳಿಕ, 2025ರ ಮಾರ್ಚಿನಲ್ಲಿ, ಪಕ್ಕದ ಹೈಕೋರ್ಟಿನ ವಾಹನ ನಿಲುಗಡೆಗೆಂದು ತೋಟದ ಗೋಡೆಯ ಒಂದು ಭಾಗ ಕೆಡವಿದಾಗಲೂ ಊರಿನವರು ಪ್ರತಿಭಟಿಸಿದರು. ಈ ಸಲ ಗೋಡೆ ಬಿತ್ತು.

ಇವರನ್ನು ಪರಿಸರವಾದಿ ಎಂದು ಕರೆಯುವುದು ಈಚಿನ ರೂಢಿ. ಪರಿಸರದ ಮಾತು ಸರಕಾರಗಳ ಬಾಯಿಗೆ ಬಂದದ್ದು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದೀಚೆಗೆ. ಅಷ್ಟರಲ್ಲಿ ಇವರ ಕೆಲಸಕ್ಕೆ ಹದಿನೈದು ವರ್ಷವಾಗಿತ್ತು. ಅರಿವು ಮೂಡಿಸಲೆಂದೇ ಮಾಡುವ ಶಿಲ್ಪಗಳು ಆಮೇಲೆ ಬಂದವು. ಬೆಂಗಳೂರಿನಲ್ಲಿ ವಿಶ್ವನಾಥ ಮಲ್ಲಾಬಾದಿ ದಾವಣಗೆರೆ ಎಂಬ ಕಲಾವಿದರು ಕೆಟ್ಟ ಕಂಪ್ಯೂಟರುಗಳ ಬಿಡಿಭಾಗಗಳಿಂದ ಆಕೃತಿಗಳನ್ನು ಮಾಡಿದ್ದಾರೆ. ದಿಲ್ಲಿಯ ಸರಾಯ್ ಕಾಲೇ ಖಾನ್ ಬಳಿ 2019ರಲ್ಲಿ ತೆರೆದ ಉದ್ಯಾನದಲ್ಲಿ ಸುಮಾರು 150 ಟನ್ ಗುಜರಿಯಿಂದ ತಾಜಮಹಲು, ಐಫೆಲ್ ಗೋಪುರ ಮುಂತಾದ ಏಳು ಅದ್ಭುತಗಳನ್ನು ನಿಲ್ಲಿಸಿದ್ದಾರೆ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ನನಗೆ ಮಾತ್ರ, ಗುಜರಿಯಲ್ಲಿ ತಾಜಮಹಲನ್ನೇ ಯಾಕೆ ಮಾಡಬೇಕು ಎನಿಸುತ್ತದೆ. ನೇಕ್ ಚಂದರ ಗೊಂಬೆಯಲ್ಲಿ ಬಳೆಚೂರು ಬಳೆಚೂರಾಗಿಯೇ ಕಾಣುತ್ತದೆ; ಅದನ್ನು ತೊಟ್ಟಿದ್ದ ಕೈ ಯಾವ ಹಳ್ಳಿಯದೋ ಎಂಬ ಯೋಚನೆ ಬರುತ್ತದೆ.

ಮತ್ತೆ, 150 ಟನ್ ಎಂದರೆ ಎಷ್ಟು? ನಮ್ಮ ನಾಗಪುರದ ಪಕ್ಕದ ಕೊರಾಡಿಯನ್ನೇ ನೋಡಿ. 2022ರ ಜುಲೈ ಮಳೆಗೆ ಅಲ್ಲಿಯ ವಿದ್ಯುತ್ ಕೇಂದ್ರದ ಬೂದಿಕಟ್ಟೆ ಒಡೆದು, ಬೂದಿನೀರು ಹೊಲ ಹಳ್ಳಗಳಿಗೆ ನುಗ್ಗಿತ್ತು. ಆ ಕಡೆ ಹರಿಯುವ ನದಿಯ ಹೆಸರು ಕೋಲಾರ್. ನಮ್ಮ ಚಿನ್ನದ ಕೋಲಾರವಲ್ಲ, ಬೇರೆ. ಆದರೆ ಆ ಕೋಲಾರದಲ್ಲೂ, 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಉಳಿದದ್ದು ಅದಿರನ್ನು ಅರೆದು ಚಿನ್ನ ತೆಗೆದ ಪುಡಿಯ ಗುಡ್ಡಗಳು. ಕೋಟಿಗಟ್ಟಲೆ ಟನ್ನಿನ ಅವನ್ನು ಅಲ್ಲಿಯವರು ಸಯನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬೀಸುವ ದಿನಗಳಲ್ಲಿ ಆ ಪುಡಿ ಇಂದಿಗೂ ಕೆಜಿಎಫ್‌ನ ಮನೆಗಳೊಳಗೆ ಬರುತ್ತದೆ.